ಸುಸ್ತಿನ ಡಾಕ್ಟರು

“ಹೆಣ ಬಿದ್ದಂಗೆ ಬಿದ್ಕೊಂಡಿದೀಯಲ್ಲೇ ದರಿದ್ರ ಮುಂಡೆ, ಏಳೇ!”

ಲಾಂಡ್ರಿ ಮಾಲೀಕ ನನ್ನ ಹೆಂಡತಿಯ ಮುಖಕ್ಕೆ ಒಂದು ಚೊಂಬು ಸೋಪಿನ ನೀರು ಎರಚಿದ. ಅವಳು ಕುಸಿದಿದ್ದು ಆಸ್ಪತ್ರೆಯಿಂದ ಬಂದ ಕೊಳೆ ಶೀಟುಗಳ ಗುಡ್ಡೆಯ ಮೇಲೆ. ರಕ್ತದ್ದು ತಣ್ಣೀರಿಗೆ, ಕೀವು ವಾಂತಿಯದ್ದು ಬಿಸಿನೀರಿಗೆ ಎಂದು ವಿಂಗಡಿಸುವುದು ಅವಳ ಕೆಲಸ. ಬಾಯ್ಲರಿಗೆ ಕಟ್ಟಿಗೆ ಒಟ್ಟುವುದು ನನ್ನದು.

ಒಂದು ಕಾಲದಲ್ಲಿ ಅವಳು ಹಿಂಡಿದ ಬಟ್ಟೆಯಲ್ಲಿ ಸೂರ್ಯನಿಗೆ ಕೆಲಸವೇ ಉಳಿಯುತ್ತಿರಲಿಲ್ಲ. ಪಾಪ, ನಾಚಿಕೊಂಡು ಮೋಡದ ಹಿಂದೆ ಹೋಗಿ ಕೂರುತ್ತಿದ್ದ. ಈಗ ಎರಡು ವರ್ಷದಿಂದ ಕೈಮೇಲೆ ನೊಣ ಕೂತರೂ ಅದರ ಭಾರಕ್ಕೇ ಕೈ ಕೆಳಗೆ ಬೀಳುತ್ತದೆ. ಎಷ್ಟು ಮಲಗಿದರೂ ಸುಸ್ತು.

“ವಾಸಿ ಮಾಡ್ಕೊಂಡು ಬಾ. ಇಲ್ದಿದ್ರೆ ಈ ಕಡೆ ತಲೆ ಹಾಕ್ಬೇಡ,” ಎಂದ ಮಾಲೀಕ.

ಮನೆಯ ಮೇಲಿನ ತಗಡು ಮಾರಿದೆವು. ನಾವು ಶೀಟು ಒಗೆಯುವ ಆಸ್ಪತ್ರೆಗೇ ಹೋದೆವು. ಅಲ್ಲಿ ಸುಸ್ತಿಗೆಂದೇ ಒಬ್ಬ ಡಾಕ್ಟರು. ಅವನ ಫೀಸು ಕೇಳಿದರೆ ಗಟ್ಟಿಮುಟ್ಟಾಗಿದ್ದವನಿಗೂ ಸುಸ್ತಾಗಬೇಕು. ಮೊದಲು ದುಡ್ಡು ಕಟ್ಟಿಸಿಕೊಂಡರು, ಆಮೇಲೆ ಏನಾಗಿದೆ ಎಂದು ಕೇಳಿದರು. ಆರು ಸೀಸೆ ರಕ್ತ ತೆಗೆದರು. ಅವಳ ಮೈಯಲ್ಲಿ ಅಷ್ಟಿದ್ದದ್ದು ನನಗೂ ಗೊತ್ತಿರಲಿಲ್ಲ.

ಸಿಸ್ಟರ್ ತೋರಿಸಿದ ಮಂಚದ ಮೇಲೆ ಯಾರೋ ಕಕ್ಕಿದ್ದ ಶೀಟ್ ಹಾಗೇ ಇತ್ತು. ಮೇಲೆ ನೊಣಗಳು.

“ಮಲ್ಕೋ. ಡಾಕ್ಟರ್ ಬರ್ತಾರೆ.”

“ಸಿಸ್ಟರಮ್ಮಾ, ಇದು ಹೊಲಸಾಗೈತೆ,” ಎಂದೆ.

“ನಿಮಗೇನು ಹೊಸದಾ? ದಿನಾ ಅದರಲ್ಲೇ ಹೊರಳಾಡ್ತೀರಲ್ಲ.”

ಸಿಸ್ಟರ್ ಅತ್ತ ಹೋದಳು. ನನ್ನವಳ ಕೈ ಸುಮ್ಮನಿರಬೇಕಲ್ಲ! ಶೀಟಿನ ನಾಲ್ಕು ಮೂಲೆ ಹಿಡಿದು, ಕಲೆ ಒಳಗೆ ಬರುವಂತೆ ಮಡಿಸಿ, ಗಂಟು ಬಿಗಿದು ಮೂಲೆಗೆ ಎಸೆದಳು. ನಾನು ಬೇಡ ಅನ್ನುವಷ್ಟರಲ್ಲಿ ಪಕ್ಕದ ಮಂಚದ್ದನ್ನೂ ಎಳೆದಿದ್ದಳು. ಆಮೇಲೆ ಬಾಯಿ ತೆರೆದು ಉಸಿರು ಎಳೆಯುತ್ತ ನೆಲಕ್ಕೆ ಕುಸಿದಳು.

ಡಾಕ್ಟರು ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಕ್ಕ.

“ಇವಳಿಗಾ ಸುಸ್ತು? ಎರಡು ಬೆಡ್ ಎತ್ತಿದ್ಳಲ್ಲಯ್ಯ! ನಿಮ್ಮಂಥೋರಿಗೆ ಸುಸ್ತು ಬರಲ್ಲ, ಸೋಮಾರಿತನ ಬರುತ್ತೆ. ಹೋಗಿ ಕೆಲಸ ಮಾಡು, ಸರಿಹೋಗುತ್ತೆ.”

“ಸ್ವಾಮಿ, ಒಂದ್ಸಲ ಕೈ ಹಿಡಿದಾದ್ರೂ ನೋಡ್ರಿ,” ಎಂದೆ ನಾನು.

“ಮುಟ್ಟೇ ನೋಡ್ಬೇಕಾ? ನನಗೆ ಕಣ್ಣಿಲ್ವಾ?”

“ಆರು ಸೀಸೆ ರಕ್ತ ಹೀರಿದ್ರಲ್ಲ, ಅದ್ರಲ್ಲಿ ಏನೈತೆ?”

“ರಿಪೋರ್ಟಿಗೆ ಬೇರೆ ಕಟ್ಟಬೇಕು.” ಅವನು ವಾಪಸ್ ಬಂದಿದ್ದ ಸಿಸ್ಟರ್ ಕಡೆ ತಿರುಗಿದ. “ಸ್ಪೆಷಲ್ ರೂಮಿನ ಮೇಡಂ ಬರೋ ಹೊತ್ತಾಯ್ತು, ಪಾಪ, ಪಾರ್ಟಿ ಮುಗಿಸಿ ತುಂಬಾ ಸುಸ್ತಾಗಿದೆಯಂತೆ. ಹೇಗೂ ಇವಳು ಇದಾಳಲ್ಲ, ಅಲ್ಲಿ ಒಂದು ಶೀಟ್ ಹಾಸಿಸ್ಬಿಡು.”

ನನಗೆ ಅವನ ಕೋಟಿನ ಮೇಲೇ ಕಕ್ಕಿಬಿಡೋಣ ಅನ್ನಿಸಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಅವಳು ಗೋಡೆ ಹಿಡಿದು ಎದ್ದಳು. ಸ್ಪೆಷಲ್ ರೂಮಿನಲ್ಲಿ ಹೊಸ ಶೀಟನ್ನು ಒಂದು ಸುಕ್ಕೂ ಇಲ್ಲದಂತೆ ಹಾಸಿದಳು. ದಿಂಬು ತಟ್ಟಿ ಇಟ್ಟಳು. ಆಮೇಲೆ ಸೋಪಿಗೆ ಬಿರಿದ, ಕೆಸರು ಮೆತ್ತಿದ ಕಾಲುಗಳನ್ನು ಎತ್ತಿ ಇಟ್ಟು, ಅದರ ನಡುಮಧ್ಯದಲ್ಲಿ ಮಲಗಿಬಿಟ್ಟಳು.

“ಏಯ್! ಏಳೇ! ಶೀಟ್ ಹೊಲಸಾಯ್ತು!” ಎಂದು ಸಿಸ್ಟರ್ ಕಿರುಚಿದಳು.

“ಆಗ್ಲಿ ಬಿಡವ್ವ. ಒಗಿಯೋಳು ನಾನೇ ತಾನೆ?”

ಬಾಗಿಲಿಗೆ ಬಂದ ಮೇಡಂ “ಛೀ” ಎಂದು ಹಿಂದೆ ಸರಿದಳು. ಡಾಕ್ಟರು ವಾಚ್‌ಮನ್‌ನನ್ನು ಕೂಗಿದ. ವಾಚ್‌ಮನ್ ಬಂದ; ಅವಳ ಬಟ್ಟೆಯ ಮೇಲೆ ಒಣಗಿದ್ದ ಕೀವು ನೋಡಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಎತ್ತೋ ಅವಳನ್ನ!”

“ಗ್ಲೌಸ್ ಕೊಡ್ಸಿ ಸಾರ್.”

ಸಿಸ್ಟರ್ ಗ್ಲೌಸ್ ತರಲು ಓಡಿದಳು. ನಾನು ಚಪ್ಪಲಿ ಬಿಡದೆ ಮಂಚ ಹತ್ತಿದೆ.

“ಅತ್ತ ಸರ್ಕೊಳ್ಳೇ ಒಂಚೂರು.”

ಅವಳು ಕಣ್ಣು ತೆರೆಯದೆ ಸರಿದಳು.

“ಮೊದ್ಲು ರಿಪೋರ್ಟ್ ತರೋಕೆ ಹೇಳು ಆ ಡಾಕ್ಟ್ರಿಗೆ,” ಎಂದಳು.