ಹಾಲನ್ ಬಿದ್ದ ಭಾನುವಾರ

ಪ್ರದೀಪ್ ತಂದಿದ್ದ ಹಾರವನ್ನು ಮಾದ ಕಿತ್ತುಕೊಂಡು ಅಂಗಳದ ಕೆಳಗಿನ ಟೀ ತೋಟಕ್ಕೆ ಎಸೆದ. ಎಸೆತದಲ್ಲಿ ಬಲವಿರಲಿಲ್ಲ. ಹಾರ ಮೊದಲ ಸಾಲಿನ ಗಿಡದ ಮೇಲೆ ಬಿದ್ದು, ಬಂದವರಿಗೆಲ್ಲ ಕಾಣುವಂತೆ ಅಲ್ಲೇ ಉಳಿಯಿತು.

"ನೀ ಏನೂ ಹಾಕಬೇಡ," ಎಂದ ಮಾದ. "ಎನ್ನ ತಮ್ಮನಿಗೆ ನೀ ಕೊಟ್ಟದ್ದು ಸಾಕು."

ಸತ್ತವನು ಹಾಲನ್. ಅರವಂಕಾಡಿನ ಮೇಲಿನ ಹಟ್ಟಿಯಲ್ಲಿ ಎರಡೆಕರೆ ಟೀ ಇಟ್ಟುಕೊಂಡಿದ್ದವನು, ವಯಸ್ಸು ನಲವತ್ತೊಂದು. ಭಾನುವಾರ ಮಧ್ಯಾಹ್ನ ಊಟಿಯಲ್ಲಿ, ಪ್ರದೀಪನ ಗೊಬ್ಬರದಂಗಡಿಯ ಗೋದಾಮಿನಲ್ಲಿ, ಎದೆ ಹಿಡಿದುಕೊಂಡು ಬಿದ್ದು ಸತ್ತಿದ್ದ. ಅವನ ಬಲಗೈ ಮುಷ್ಟಿಯಲ್ಲಿ ದಾಳವಿತ್ತು. ಆಸ್ಪತ್ರೆಯ ನರ್ಸ್ ಬೆರಳು ಬಿಡಿಸಿ ಅದನ್ನು ತೆಗೆದು ಅಣ್ಣ ಮಾದನ ಅಂಗೈಗೆ ಹಾಕಿದಳು. ಹಟ್ಟಿಗೆ ಅಷ್ಟೇ ಸಾಕಾಯಿತು. ಮಂಗಳವಾರ ಹೆಣ ಅಂಗಳಕ್ಕೆ ಬರುವಷ್ಟರಲ್ಲಿ, ಹಾಲನ್ ಗುಂಡ್ಲುಪೇಟೆ ಕಡೆಯಿಂದ ಬಂದ ಈ ವ್ಯಾಪಾರಿಯ ಜೊತೆ ಜೂಜಾಡುತ್ತ ಸತ್ತ ಎಂಬುದು ತೊಟ್ಟಿಲ ಕೂಸಿಗೂ ಗೊತ್ತಾಗಿತ್ತು.

ಪ್ರದೀಪ್ ಅಂಗಳ ಬಿಟ್ಟು ಹೋಗಲಿಲ್ಲ. ನೀರಿನ ನಲ್ಲಿಯ ಪಕ್ಕ ನಿಂತ. ಅವನ ಜೊತೆ ಬಂದಿದ್ದ ಸಂತೋಷ್‌ಕುಮಾರ್, ಕೂನೂರಿನ ಕಚೇರಿಯೊಂದರ ಗುಮಾಸ್ತ, ಎರಡು ಹೆಜ್ಜೆ ದೂರ ನಿಂತುಕೊಂಡು ತನಗೂ ಇವನಿಗೂ ಪರಿಚಯವೇ ಇಲ್ಲವೆಂಬಂತೆ ಬೆಟ್ಟ ನೋಡುತ್ತಿದ್ದ. ಎಲ್ಲರ ಕೈಗೂ ಟೀ ಬಂತು. ಇವರಿಬ್ಬರ ಬಳಿ ಬಂದಾಗ ತಟ್ಟೆ ತಿರುಗಿ ಬೇರೆ ಕಡೆ ಹೋಯಿತು.

ನೀಲಗಿರಿಯ ಬಡಗರಲ್ಲಿ ಹೆಣ ಎತ್ತುವ ಮೊದಲು ಊರ ಹಿರಿಯರು ಸತ್ತವನ ತಲೆಯ ಬಳಿ ನಿಂತು ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಗಡಿಕಲ್ಲು ಸರಿಸಿದ, ಹಾವು ಕೊಂದ, ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿಸಿದ. ಒಂದೊಂದಕ್ಕೂ ನೆರೆದವರೆಲ್ಲ 'ಪಾಪ' ಎನ್ನಬೇಕು. ಸತ್ತವನು ಅದನ್ನು ಮಾಡಿದ್ದನೇ ಎಂದು ಯಾರೂ ವಿಚಾರಿಸುವುದಿಲ್ಲ, ಪಟ್ಟಿ ಎಲ್ಲರಿಗೂ ಒಂದೇ. ಬಾಯಿಬಿಟ್ಟು ಹೇಳಿದ ಪಾಪ ಇಲ್ಲೇ ಉದುರುತ್ತದೆ, ಹೇಳದೆ ಉಳಿದದ್ದು ಸತ್ತವನ ಬೆನ್ನಿಗೆ ಅಂಟಿಕೊಂಡು ಹೋಗುತ್ತದೆ ಎಂಬುದು ಈ ಹಟ್ಟಿಯವರ ನಂಬಿಕೆ.

ಮಾದ ಬೆಳಿಗ್ಗೆಯೇ ಹಿರಿಯರಾದ ರಂಗ ಗೌಡರನ್ನು ಕಂಡು, ಆ ಪಟ್ಟಿಗೆ ಹೊಸದೊಂದನ್ನು ಸೇರಿಸುವಂತೆ ಮಾಡಿದ್ದ. ಅದು 'ಸೂದಾಡಿದ'. ಸೂದು ಎಂದರೆ ಅಲ್ಲಿನವರ ಮಾತಿನಲ್ಲಿ ಜೂಜು. ಮುನ್ನೂರು ಜನ ಒಂದೇ ದನಿಯಲ್ಲಿ 'ಪಾಪ' ಎಂದುಬಿಟ್ಟರೆ ಹಾಲನ್ ಎಂದೆಂದಿಗೂ ಜೂಜುಕೋರನೇ. ಹಾಲನ್ ಜೀವಮಾನದಲ್ಲಿ ಒಂದು ಬೀಡಿಯನ್ನು ಕೂಡ ಪಣಕ್ಕೆ ಇಟ್ಟವನಲ್ಲ. ಇದನ್ನು ತಪ್ಪಿಸಬೇಕೆಂದೇ ಪ್ರದೀಪ್ ಬಂದಿದ್ದ. ಹೇಗೆ ತಪ್ಪಿಸುವುದೆಂದು ಮಾತ್ರ ಅವನಿಗೆ ತೋಚಿರಲಿಲ್ಲ.

*

ಹಾಲನ್, ಪ್ರದೀಪ್, ಸಂತೋಷ್‌ಕುಮಾರ್ ಮೂವರೂ ಊಟಿಯಲ್ಲಿ ಕಾಲೇಜು ಓದುತ್ತಿದ್ದಾಗ ವಿದೇಶಿ ಡಾಕ್ಟರೊಬ್ಬರು ಮನೆ ಖಾಲಿ ಮಾಡಿಕೊಂಡು ತಮ್ಮ ದೇಶಕ್ಕೆ ಹೊರಟರು. ಅವರ ಮಕ್ಕಳು ಬಿಟ್ಟುಹೋದ ಸಾಮಾನಿನಲ್ಲಿ ಹಾಲನ್‌ಗೆ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ ನಿಯಮಗಳ ಪುಸ್ತಕ, ನಾಲ್ಕು, ಎಂಟು, ಇಪ್ಪತ್ತು ಮುಖಗಳ ವಿಚಿತ್ರ ದಾಳಗಳು. ಆಟಕ್ಕೆ ಮಣೆಯಿಲ್ಲ, ಗೆಲ್ಲುವವರೂ ಇಲ್ಲ. ಒಬ್ಬ ಕತೆ ಹೇಳುತ್ತಾನೆ, ಉಳಿದವರು ಆ ಕತೆಯೊಳಗಿನ ಮನುಷ್ಯರಾಗುತ್ತಾರೆ. ಕತ್ತಿ ಬೀಸಿದರೆ ತಾಗಿತೇ ಇಲ್ಲವೇ ಎಂದು ದಾಳ ಹೇಳುತ್ತದೆ.

ಹಾಲನ್ ಕತೆ ಹೇಳುವವನಾದ. ಊರಕೂಟದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದ ಮನುಷ್ಯ, ದಾಳ ಕೈಗೆ ಬಂದರೆ ರಾಜನಾಗುತ್ತಿದ್ದ, ರಾಕ್ಷಸನಾಗುತ್ತಿದ್ದ, ಹಲ್ಲಿಲ್ಲದ ಮಾಟಗಾತಿಯಾಗುತ್ತಿದ್ದ. ಅವಲಾಂಚಿಯ ಕೆರೆಯ ಅಡಿಯಲ್ಲಿ ಮುಳುಗಿದ ಪಟ್ಟಣ ಕಟ್ಟಿದ. ಚೇರಂಬಾಡಿಯ ಮಂಜಿನಲ್ಲಿ ಬೆಂಕಿಯುಗುಳುವ ಹಾವನ್ನು ಬಿಟ್ಟ. ಸಂತೋಷ್‌ಕುಮಾರ್ ಗಾಯ ವಾಸಿಮಾಡುವ ಪೂಜಾರಿ, ಆದರೆ ಅವನ ದಾಳ ಎಂದೂ ಸರಿಯಾಗಿ ಬೀಳದೆ ರೋಗಿಗಳೆಲ್ಲ ಸಾಯುತ್ತಿದ್ದರು. ಪ್ರದೀಪ್ ಕಳ್ಳ, ಹೆಸರು ಕಾರಿರುಳ. ಕತೆಯಲ್ಲಿ ಯಾರಾದರೂ ಸತ್ತರೆ ಹಾಲನ್ ಬಾಯಲ್ಲಿ ಹೇಳಿ ಮುಗಿಸುತ್ತಿರಲಿಲ್ಲ, ತಾನೇ ಕುತ್ತಿಗೆ ಹಿಡಿದುಕೊಂಡು, ಕಾಲು ಒದರಿ, ನೆಲಕ್ಕೆ ಬಿದ್ದು ತೋರಿಸುತ್ತಿದ್ದ. ಗಳಿಗೆಗಟ್ಟಲೆ ಅಲುಗಾಡದೆ ಬಿದ್ದಿರುತ್ತಿದ್ದ. ಇವರಿಬ್ಬರೂ ನಕ್ಕು ನಕ್ಕು ಸುಸ್ತಾಗುತ್ತಿದ್ದರು.

ಎಂಬತ್ತೇಳರಲ್ಲಿ ಒಂದು ಆಟದಲ್ಲಿ ಕಾರಿರುಳ ಜೊತೆಗಾರರನ್ನು ಗುಹೆಯಲ್ಲಿ ಬಿಟ್ಟು ನಿಧಿಯೊಂದಿಗೆ ಓಡಿದ. ಹಾಲನ್ ಸೇತುವೆ ಮುರಿದು ಅವನನ್ನು ಪ್ರಪಾತಕ್ಕೆ ಕೆಡವಿದ. ಪ್ರದೀಪ್ ಕಾರಿರುಳನ ಬಲ, ಆಯುಧ ಬರೆದಿಟ್ಟಿದ್ದ ಕಾಗದ ಹರಿದು ಎದ್ದುಹೋದ. ಒಬ್ಬ ಕಾಗದದ ಕಳ್ಳನಿಗಾಗಿ ಎರಡು ಗಂಡಸರು ಹದಿನೈದು ವರ್ಷ ಮಾತು ಬಿಟ್ಟರೆಂದರೆ ಯಾರಾದರೂ ನಗಬೇಕು. ಆದರೆ ಪ್ರದೀಪನಿಗೆ ಅದು ನಗೆಯ ಮಾತಾಗಿರಲಿಲ್ಲ. ಅವನು ಹಾಲನ್‌ನನ್ನು ನಿಜವಾಗಿಯೂ ದ್ವೇಷಿಸಿದ. ಮಾರ್ಕೆಟ್ಟಿನಲ್ಲಿ ಎದುರಾದರೆ ರಸ್ತೆ ದಾಟುತ್ತಿದ್ದ. ಹಾಲನ್‌ನ ಮದುವೆಯ ಕರೆಯೋಲೆ ಬಂದಾಗ ಅದರಲ್ಲಿ ತರಕಾರಿ ಬೀಜ ಕಟ್ಟಿ ಗಿರಾಕಿಗೆ ಕೊಟ್ಟ.

ಎರಡು ಸಾವಿರದ ಎರಡರಲ್ಲಿ ಒಂದು ದಿನ ಹಾಲನ್ ಪ್ರದೀಪನ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ತಲೆ ಅರ್ಧ ಬೋಳಾಗಿತ್ತು. ಯೂರಿಯಾ ಕೇಳಲಿಲ್ಲ, ಕ್ಷೇಮ ಕೇಳಲಿಲ್ಲ.

"ಕಾರಿರುಳ ಸತ್ತಿಲ್ಲ," ಎಂದ. "ಹೆಣ ಇನ್ನೂ ಸಿಕ್ಕಿಲ್ಲ."

ಹಾಗೆ ಮತ್ತೆ ಶುರುವಾಯಿತು. ನಲವತ್ತರ ಮೂವರು ಗಂಡಸರು, ಗೋದಾಮಿನ ಬಾಗಿಲು ಮುಂದೆ ಮಾಡಿಕೊಂಡು, ಗೊಬ್ಬರದ ಮೂಟೆಗಳ ಮೇಲೆ. ಅರ್ಧ ನಿಯಮ ಮರೆತಿದ್ದವು. ದಾಳದ ಅಂಕಿ ಓದಲು ಒಂದೇ ಕನ್ನಡಕವನ್ನು ಮೂವರೂ ಹಾಕಿಕೊಳ್ಳುತ್ತಿದ್ದರು. ಮೊದಲ ವಾರ ಪ್ರದೀಪನಿಗೆ 'ನಾನು ಕತ್ತಿ ಹಿರಿದೆ' ಎನ್ನಲು ನಾಚಿಕೆಯಾಗಿ ಬೆವರು ಬಂತು. ಮೂರನೇ ವಾರಕ್ಕೆ ಭಾನುವಾರ ಯಾವಾಗ ಬರುತ್ತದೆಂದು ಕಾಯತೊಡಗಿದ. ಹಾಲನ್ ಹೆಂಡತಿಗೆ ಬೆಳೆಗಾರರ ಮೀಟಿಂಗ್ ಎಂದು ಹೇಳಿ ಬರುತ್ತಿದ್ದ. ಮಕ್ಕಳಾಟಕ್ಕೆ ಹೋಗುತ್ತೇನೆ ಎನ್ನುವುದಕ್ಕಿಂತ ಅವನಿಗೆ ಆ ಸುಳ್ಳೇ ಹಗುರವಾಗಿತ್ತು. ಒಮ್ಮೆ ಗೊಬ್ಬರಕ್ಕೆಂದು ಬಂದ ಮಾದ ಬಾಗಿಲಾಚೆ ನಿಂತು, ದಾಳ ಉರುಳಿದ ಸದ್ದನ್ನೂ 'ಸಾವಿರ ಚಿನ್ನದ ನಾಣ್ಯ ನನಗೆ' ಎಂಬ ಪ್ರದೀಪನ ಕೂಗನ್ನೂ ಕೇಳಿಸಿಕೊಂಡು ಹೋಗಿದ್ದ.

*

ಹನ್ನೊಂದು ಗಂಟೆಗೆ ಹಾಲನ್‌ನ ಹೆಂಡತಿ ವಸಂತಾಮಣಿ ಪ್ರದೀಪನನ್ನು ಕರೆಸಿದಳು. ಅವಳು ಹೆಣ ಮಲಗಿಸಿದ್ದ ಮಂಚದ ಪಕ್ಕ ಬಿಳಿ ಮುಂಡು ಹೊದ್ದು ಕೂತಿದ್ದಳು. ಪಕ್ಕದಲ್ಲಿ ಮಗಳು ಕಲಾ, ಹೈಸ್ಕೂಲಿಗೆ ಹೋಗುವವಳು, ಇವನ ಕಡೆ ನೋಡಲೂ ಇಲ್ಲ. ಸುತ್ತಲಿನ ಹೆಂಗಸರು ಅಳು ನಿಲ್ಲಿಸಿ ಕಿವಿ ಕೊಟ್ಟರು. ಹಿಂದೆ ಪ್ರದೀಪಣ್ಣ ಎನ್ನುತ್ತಿದ್ದ ವಸಂತಾಮಣಿ ಇವತ್ತು ಅಣ್ಣನನ್ನು ಬಿಟ್ಟುಬಿಟ್ಟಳು.

"ಅವರು ಬೀಳುವಾಗ ನೀವಿಬ್ಬರೂ ಏನು ಮಾಡ್ತಾ ಇದ್ದಿರಿ?"

"ಮಾತಾಡ್ತಾ ಇದ್ದೆವು," ಎಂದ ಪ್ರದೀಪ್. ಆಸ್ಪತ್ರೆಯಲ್ಲೂ ಇದನ್ನೇ ಹೇಳಿದ್ದ.

"ಮಾತಾಡೋಕೆ ಕೈಲಿ ದಾಳ ಯಾಕೆ?"

ಅವನು ಅದು ಒಂದು ಬಗೆಯ ಆಟ, ಜೂಜಲ್ಲ ಎಂದ. ಎಂಥ ಆಟ ಎಂದು ಅವಳು ಕೇಳಿದಳು. ಕತೆಯ ಆಟ ಎಂದ. ಕತೆಯಲ್ಲಿ ಆಗ ಏನು ನಡೀತಿತ್ತು ಎಂದು ಕೇಳಿದಳು. ಪ್ರದೀಪ್ ಹೆಣದ ಕಡೆಯಿಂದ ಮುಖ ತಿರುಗಿಸಿದ. ಹೆಂಗಸರಲ್ಲಿ ಒಬ್ಬಳು ತುಟಿ ಓರೆ ಮಾಡಿದಳು.

ರಂಗ ಗೌಡರಿಗೆ ಹೇಳಿ ಆ ಒಂದು ಮಾತು ಬಿಡಿಸಿ ಎಂದು ಅವನು ಬೇಡಿಕೊಂಡ. ಮಾದ ಹಟಕ್ಕೆ ಹೇಳಿಸುತ್ತಿದ್ದಾನೆ, ಕಲಾಳ ಮದುವೆಯ ಮಾತು ಬಂದಾಗ ಇದೇ ಎದುರು ಬರುತ್ತದೆ ಎಂದ.

"ಭಾವ ಹಟಕ್ಕೆ ಹೇಳಿಸ್ತಾರೆ, ನಿಜ," ಎಂದಳು ವಸಂತಾಮಣಿ. "ನಾ ಹೇಳಿಸ್ತಾ ಇರೋದು ಹಟಕ್ಕಲ್ಲ. ಎರಡು ವರ್ಷ ಎನಗೆ ಸುಳ್ಳು ಹೇಳಿ ಬಂದರು ನಿನ್ನ ಹತ್ರ. ಅದು ಅವರ ಬೆನ್ನಿಗೆ ಹೋಗಬಾರದು. ಸೂದಲ್ಲ ಅಂತಿದ್ರೆ ಏನು ಅಂತ ಹೇಳು. ಹೇಳೋಕೆ ಬಾಯಿಲ್ಲದಿದ್ರೆ ಎದ್ದು ಹೋಗು."

ಪ್ರದೀಪ್ ಎದ್ದು ಬಂದ. ನಲ್ಲಿಯ ಬಳಿ ಸಂತೋಷ್‌ಕುಮಾರ್ ಅವನ ತೋಳು ಹಿಡಿದು, ಬಾಯಿ ಮುಚ್ಚಿಕೊಂಡಿರು ಎಂದು ಪಿಸುಗುಟ್ಟಿದ. ಜೂಜು ಅಂದರೆ ಅನ್ನಲಿ, ಇನ್ನೊಂದು ಗೊತ್ತಾದರೆ ಇಬ್ಬರನ್ನೂ ಇಲ್ಲೇ ಹೂಳುತ್ತಾರೆ ಎಂದ.

*

ಆ ಭಾನುವಾರ ಹಾಲನ್ ಮುದಿ ರಾಜನಾಗಿದ್ದ. ಔತಣದಲ್ಲಿ ರಾಜನಿಗೆ ವಿಷ ಹಾಕಿರುತ್ತಾರೆ. ರಾಜ ಬದುಕುತ್ತಾನೋ ಇಲ್ಲವೋ ಎಂದು ನೋಡಲು ಹಾಲನ್ ಇಪ್ಪತ್ತು ಮುಖದ ದಾಳ ಎತ್ತಿಕೊಂಡ, ಉರುಳಿಸಲಿಲ್ಲ. ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡ. ಬಾಯಿ ತೆರೆದ, ಮಾತು ಹೊರಡಲಿಲ್ಲ. ಮೂಟೆಯ ಮೇಲಿಂದ ಪಕ್ಕಕ್ಕೆ ವಾಲಿ ನೆಲಕ್ಕೆ ಬಿದ್ದ. ಕಾಲು ಎರಡು ಸಲ ಒದರಿತು.

ಸಂತೋಷ್‌ಕುಮಾರ್ ಚಪ್ಪಾಳೆ ಹೊಡೆದ. ಪ್ರದೀಪ್ ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ಚೆನ್ನಾಗಿ ನೀನು ಯಾವತ್ತೂ ಸತ್ತಿರಲಿಲ್ಲ ಕಣೋ ಎಂದ. ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ಕುಡಿದರು. ಇನ್ನು ಪಟ್ಟ ಯಾರಿಗೆ ಎಂದು ಚರ್ಚೆ ಮಾಡಿದರು. ಹಾಲನ್ ಏಳಲಿಲ್ಲ, ಅವನು ಬೇಗ ಏಳುವವನೂ ಅಲ್ಲ. ಟೀ ಮುಗಿದ ಮೇಲೆ ಪ್ರದೀಪ್ ಕಾಲಿನಿಂದ ಅವನ ಪಾದ ತಿವಿದು, ಸಾಕು ಏಳು ಮಾರಾಯ ಎಂದ. ಆಮೇಲೆ ಬಗ್ಗಿ ಮುಖ ನೋಡಿದ.

ಸ್ವಲ್ಪ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದಷ್ಟೇ ಡಾಕ್ಟರು ಹೇಳಿದರು.

*

ಮಧ್ಯಾಹ್ನ ಮಂಚವನ್ನು ಊರ ಮುಂದಿನ ಬಯಲಿಗೆ ತಂದರು. ವಾದ್ಯ ನಿಂತಿತು. ರಂಗ ಗೌಡರು ತಲೆಯ ಬಳಿ ಬಂದು ಕೋಲೂರಿ ನಿಂತರು. ಎಂಬತ್ತು ದಾಟಿದ್ದರೂ ಅವರ ದನಿ ಬಯಲಿನ ಆಚೆ ತುದಿಗೂ ಮುಟ್ಟುತ್ತಿತ್ತು.

"ಗಡಿಕಲ್ಲು ಸರಿಸಿದ."

"ಪಾಪ," ಎಂದರು ಮುನ್ನೂರು ಜನ.

"ಉಳುವ ಎತ್ತಿಗೆ ಹೊಡೆದ."

"ಪಾಪ."

ಪ್ರದೀಪನೂ ಎಲ್ಲರ ಜೊತೆ ಹೇಳುತ್ತಿದ್ದ. ಹೇಳುವುದರಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು.

"ಬಿದ್ದವನ ಕಂಡು ನಕ್ಕ."

"ಪಾಪ."

ಪ್ರದೀಪನ ನಾಲಿಗೆ ಏಳಲಿಲ್ಲ. ಇದು ಹೊಸದಲ್ಲ, ಪಟ್ಟಿಯಲ್ಲಿ ಅಜ್ಜಂದಿರ ಕಾಲದಿಂದ ಇದ್ದದ್ದೇ ಇರಬೇಕು. ರಂಗ ಗೌಡರು ಯಾರನ್ನೂ ನೋಡದೆ ಮುಂದೆ ಹೋಗಿದ್ದರು. ತಾನು ಮಾಡಿದ್ದನ್ನು ತನ್ನ ಕಣ್ಣೆದುರೇ ಹಾಲನ್‌ನ ತಲೆಗೆ ಕಟ್ಟಿದರು, ಮುನ್ನೂರು ಜನ ಹೌದೆಂದರು. ಅವನಿಗೆ ಸಿಟ್ಟು ಬಂತು. ಮಾದನ ಮೇಲೆ, ಈ ಜನದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅಷ್ಟು ಚೆನ್ನಾಗಿ ಸಾಯಲು ಕಲಿತಿದ್ದ ಹಾಲನ್ ಮೇಲೆ.

"ಸೂದಾಡಿದ," ಎಂದರು ರಂಗ ಗೌಡರು.

"ಇಲ್ಲ," ಎಂದ ಪ್ರದೀಪ್.

ಜನರ ಬಾಯಿಗೆ ಬಂದಿದ್ದ 'ಪಾಪ' ಅರ್ಧಕ್ಕೆ ನಿಂತಿತು. ಸಾವಿನ ಬಯಲಿನಲ್ಲಿ ಹಿರಿಯರ ಮಾತಿಗೆ ಅಡ್ಡ ಬಂದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಸಂತೋಷ್‌ಕುಮಾರ್ ಜನರ ಹಿಂದೆ ಸರಿದು ಬಸ್ ರಸ್ತೆ ಹಿಡಿದ.

"ಅವನು ಜೂಜಾಡಲಿಲ್ಲ," ಎಂದ ಪ್ರದೀಪ್. "ಕತೆ ಹೇಳ್ತಿದ್ದ. ಕತೇಲಿ ರಾಜ ಸಾಯ್ತಿದ್ದ, ಅದಕ್ಕೆ ದಾಳ ಹಿಡಿದಿದ್ದ. ಅವನು ಬಿದ್ದಾಗ ರಾಜನೇ ಬಿದ್ದ ಅಂದುಕೊಂಡೆ. ಬಿದ್ದವನ ಕಂಡು ನಕ್ಕವನು ನಾನು. ಅದನ್ನ ಅವನ ಮೇಲೆ ಹಾಕಬೇಡಿ."

ಮಾದ ನುಗ್ಗಿ ಬಂದು ಅವನ ಕಾಲರ್ ಹಿಡಿದ. ಇಬ್ಬರು ಮಾದನನ್ನು ಎಳೆದರು, ಇನ್ನಿಬ್ಬರು ಪ್ರದೀಪನ ಬೆನ್ನಿಗೆ ಗುದ್ದಿದರು. ರಂಗ ಗೌಡರು ಕೋಲೆತ್ತಿದ ಮೇಲೆ ಎಲ್ಲ ನಿಂತಿತು. ಅವರು ಪ್ರದೀಪನನ್ನು ನೋಡಿ, ಆಡಿದ ಮಾತು ಹಿಂದೆ ತೆಗೆದುಕೊಂಡೆ, ಸೂದು ಇಲ್ಲ ಎಂದು ಸಾರಿದರು. ನಕ್ಕಿದ್ದನ್ನು ಏನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ. ಬದುಕಿರುವವನ ಪಾಪಕ್ಕೆ ಅವರ ಬಳಿ ಪಟ್ಟಿ ಇರಲಿಲ್ಲ.

ವಸಂತಾಮಣಿ ಮಂಚದ ಪಕ್ಕದಿಂದ ಎದ್ದಳು.

"ಎಷ್ಟು ಹೊತ್ತು ನಕ್ಕೆ?"

"ಹತ್ತು ನಿಮಿಷ."

"ಆಗ ಅವರಿಗೆ ಜೀವ ಇತ್ತಾ?"

"ಗೊತ್ತಿಲ್ಲ. ನಾನು ನೋಡಲಿಲ್ಲ."

ಹೆಣ ಎತ್ತಲು ನಾಲ್ವರು ಆಗಲೇ ಬಗ್ಗಿದ್ದರು. ಅವಳು ಅವರಿಗೆ ನಿಲ್ಲಿ ಎಂದಳು. ಹೊತ್ತು ಮೀರುತ್ತದೆ ಎಂದು ಮಾದ ಗೊಣಗಿದ, ಅವಳು ಅವನ ಕಡೆ ತಿರುಗಲಿಲ್ಲ. ಪ್ರದೀಪನ ರಟ್ಟೆ ಹಿಡಿದು ಎಳೆದು ತಂದು ಮಂಚದ ಎದುರು ನಿಲ್ಲಿಸಿದಳು.

"ಹತ್ತು ನಿಮಿಷ ನಿಲ್ಲು," ಎಂದಳು. "ಆವತ್ತು ನೋಡಲಿಲ್ಲ ಅಂದೆಯಲ್ಲ, ಇವತ್ತು ನೋಡು. ಅದಾದ ಮೇಲೆ ಎಂಗ ಹಟ್ಟಿಗೆ ಕಾಲಿಡಬೇಡ."

ಪ್ರದೀಪ್ ನೋಡಿದ. ಹಾಲನ್‌ನ ಗಡ್ಡ ಎರಡು ದಿನದ್ದು, ಬೆಳ್ಳಗೆ ಮೊಳೆತಿತ್ತು. ಮೂಗಿಗೆ ಹತ್ತಿ ಇಟ್ಟಿದ್ದರು. ಯಾರೋ ಕೆಮ್ಮಿದರು. ರಂಗ ಗೌಡರು ಕೋಲಿನ ಮೇಲೆ ವಾಲಿದರು.

ಹತ್ತು ನಿಮಿಷ ಆಯಿತೆಂದುಕೊಂಡು ಅವನು ತಲೆಯೆತ್ತಿದ. ಎದುರಿಗೆ ಕಲಾ ನಿಂತಿದ್ದಳು. ಅಪ್ಪನ ಕೈಗಡಿಯಾರವನ್ನು ಮಣಿಕಟ್ಟಿನಿಂದ ಜಾರದಂತೆ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು ಅದನ್ನೇ ದಿಟ್ಟಿಸುತ್ತಿದ್ದಳು.

"ಇನ್ನೂ ಆರು ನಿಮಿಷ," ಎಂದಳು. ಮಂಚದ ಕಾಲು ಹಿಡಿದು ಬಗ್ಗಿದ್ದ ನಾಲ್ವರು ಹಾಗೇ ಕುಕ್ಕರಗಾಲಲ್ಲಿ ನೆಲಕ್ಕೆ ಕೂತರು.