ನುರಿತ ಕೈಗೆ ಹತ್ತಕ್ಕೆ ಹತ್ತು

ಶಿವರಾಜನಿಗೆ ಪ್ರಳಯದ ಹುಚ್ಚು ಹಿಡಿದು ಎರಡು ವರ್ಷವಾಗಿತ್ತು. ಕರೆಂಟು ಹೋಗುತ್ತದೆ, ಬ್ಯಾಂಕು ಬಾಗಿಲು ಹಾಕುತ್ತದೆ, ಪುಣೆಯ ನಲ್ಲಿಗಳೆಲ್ಲ ಒಣಗುತ್ತವೆ, ಆಗ ಹಳ್ಳಿಯಲ್ಲಿ ತಮ್ಮದನ್ನು ತಾವೇ ಬೆಳೆದುಕೊಂಡು ತಿನ್ನುವವರು ಮಾತ್ರ ಉಳಿಯುತ್ತಾರೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಅವನು ದಿನಾ ಊಟಕ್ಕೆ ಕೂತು ಒಪ್ಪಿಸುತ್ತಿದ್ದ. ಒಪ್ಪಿಸುತ್ತಲೇ ಇನ್ನೊಂದು ಬಿಸಿ ರೊಟ್ಟಿಗೆ ತಾಟು ಮುಂದೆ ಮಾಡುತ್ತಿದ್ದ. ಹೆಂಡತಿ ರಂಜನಾ ಹಾಕುತ್ತಿದ್ದಳು. ಅವಳಿಗೆ ಪ್ರಳಯಕ್ಕೆ ಪುರುಸೊತ್ತಿರಲಿಲ್ಲ. ಪುಣೆಯ ಧನಕವಡಿ ಬಡಾವಣೆಯ ಆ ಎರಡು ಕೋಣೆಯ ಮನೆಯಿಂದಲೇ ಅವಳು ನಲವತ್ತು ಕಾಲೇಜು ಹುಡುಗರಿಗೆ ಎರಡು ಹೊತ್ತು ಊಟ ಕಟ್ಟಿ ಕಳಿಸಬೇಕಿತ್ತು.

ಈಗ ಆ ಮನೆಗೇ ಸಂಚಕಾರ ಬಂದಿತ್ತು. ಅದನ್ನು ಮಾರಿ, ಭೋರ್ ಊರಿನಾಚೆಯ ಗುಡ್ಡದ ತಾಲೂಕಿನಲ್ಲಿ ಹಳೆ ಮನೆಯಿರುವ ಒಂದು ಜಾಗ ಕೊಳ್ಳುವುದೆಂದು ಶಿವರಾಜ ತೀರ್ಮಾನಿಸಿಬಿಟ್ಟಿದ್ದ. ಮನೆ ಕೊಳ್ಳುವವರು ಭಾನುವಾರ ಸಂಜೆ ಕರಾರುಪತ್ರ ಹಿಡಿದು ಬರುವವರಿದ್ದರು. ಮನೆ ಇಬ್ಬರ ಹೆಸರಿನಲ್ಲಿತ್ತು, ರಂಜನಾಳ ಸಹಿಯೂ ಬೇಕಿತ್ತು. ಹಾಗಾಗಿಯೇ ಅವಳನ್ನು ಕೇಳುವ ನೆನಪಾದದ್ದು.

"ಒಂದ್ಸಲ ಬಂದು ನೋಡು. ಆಮ್ಯಾಲೆ ಬ್ಯಾಡಂದ್ರ ಕೇಳು," ಎಂದ.

ಭಾನುವಾರ ಬೆಳಿಗ್ಗೆ ಅಭಿಲಾಷನ ಕಾರಿನಲ್ಲಿ ಹೊರಟರು. ಅಭಿಲಾಷ ಕೆಳಗಿನ ಮಹಡಿಯಲ್ಲಿದ್ದ ಮೈಸೂರಿನವನು, ಐಟಿ ಕಂಪನಿಯವನು. ಶಿವರಾಜನ ಹುಚ್ಚಿಗೆ ಲೆಕ್ಕಪಟ್ಟಿ ಒದಗಿಸಿದವನು ಅವನೇ. ಒಂದು ತಾಲೂಕು ಕಷ್ಟಕಾಲಕ್ಕೆ ಆದೀತೋ ಇಲ್ಲವೋ ಎಂದು ಅಳೆಯಲು ಲ್ಯಾಪ್‌ಟಾಪಿನಲ್ಲಿ ಸಾಲು ಸಾಲಾಗಿ ಬರೆದಿಟ್ಟಿದ್ದ. ಮಣ್ಣಿಗೆ ಏಳು. ಮಳೆಗೆ ಒಂಬತ್ತು. ಆಸ್ಪತ್ರೆ ದೂರ, ಆದ್ದರಿಂದ ನಾಲ್ಕು. ಜನ ಕಡಿಮೆ, ಗಲಾಟೆಯಾದರೆ ದೋಚಲು ಬರುವವರಿಲ್ಲ, ಆದ್ದರಿಂದ ಒಂಬತ್ತು. ಬೇಸಾಯದ ಗಂಧವಿಲ್ಲದ ಇಬ್ಬರು ಗಂಡಸರು ಆ ಗುಡ್ಡದ ಮೇಲೆ ನಿಂತು ಇಡೀ ತಾಲೂಕನ್ನು ಮದುವೆಗೆ ಹೆಣ್ಣು ನೋಡಿದಂತೆ ನೋಡಿದರು.

"ವಾಟರ್ ಸೋರ್ಸ್ ಅರ್ಧ ಕಿಲೋಮೀಟರ್ ಒಳಗೇ ಇದೆ ಅಂಕಲ್. ವರ್ಷಪೂರ್ತಿ ನೀರಿರೋ ಬಾವಿ. ಎಂಟು ಕೊಡಬಹುದು," ಎಂದ ಅಭಿಲಾಷ.

"ಕೊಡ್ರಿ, ಕೊಡ್ರಿ," ಎಂದ ಶಿವರಾಜ.

ರಂಜನಾ ಬಾವಿಯ ಕಡೆ ನೋಡಿದಳು. ಕೆಳಗೆ, ಕಲ್ಲುದಾರಿ ಇಳಿದು. ಅವಳ ತವರು ಇಂಡಿ ತಾಲೂಕಿನ ಹಳ್ಳಿ. ಅಲ್ಲಿಯೂ ನೀರು ಅರ್ಧ ಕಿಲೋಮೀಟರೇ. ಆ ಅರ್ಧ ಕಿಲೋಮೀಟರು ಅವಳ ತಾಯಿ ಭೀಮವ್ವನ ನೆತ್ತಿಯ ಕೂದಲು ತಿಂದಿತ್ತು. ಸಿಂಬಿ ಇಟ್ಟು ಕೊಡ ಹೊತ್ತು ಹೊತ್ತು ಅಲ್ಲಿ ರೂಪಾಯಿಯಗಲ ಬೋಳಾಗಿತ್ತು. ತಾಯಿಯ ಸೊಂಟ ಬಿದ್ದ ವರ್ಷ ರಂಜನಾಳನ್ನು ಏಳನೆಯ ತರಗತಿಯಿಂದ ಬಿಡಿಸಿ ಕೈಗೆ ಕೊಡ ಕೊಟ್ಟರು. ಮದುವೆಯಾಗಿ ಪುಣೆಗೆ ಬಂದ ದಿನ ಅವಳು ಅಡುಗೆಮನೆಯ ನಲ್ಲಿ ತಿರುಗಿಸಿ, ನೀರು ಬಿದ್ದದ್ದನ್ನು ಕಂಡು ಒಬ್ಬಳೇ ನಕ್ಕಿದ್ದಳು. ಇಲ್ಲಿ ಇವರು ಎಂಟು ಅಂಕ ಕೊಡುತ್ತಿದ್ದಾರೆ. ಅವಳ ಮೈಯೆಲ್ಲ ಉರಿದುಹೋಯಿತು.

ಆದರೂ ತಡೆದುಕೊಂಡಳು. ತಡೆದುಕೊಂಡು ಅಭಿಲಾಷ ತೆರೆದಿಟ್ಟಿದ್ದ ಲ್ಯಾಪ್‌ಟಾಪಿಗೆ ಬಗ್ಗಿದಳು. ಕೊನೆಯ ಸಾಲಿನಲ್ಲಿ ಹೀಗಿತ್ತು: ನುರಿತ ಕೈಗಳು, ರಂಜನಾ, ಹತ್ತಕ್ಕೆ ಹತ್ತು.

"ಇದೇನ್ರಿ ಇದು?"

ಶಿವರಾಜ ಉಬ್ಬಿದ. "ಇಡೀ ಪಟ್ಟ್ಯಾಗ ಫುಲ್ ಮಾರ್ಕ್ಸ್ ನಿನಗೊಬ್ಬಾಕಿಗೇ ನೋಡು! ನೀರು ತರೂದು, ಬೀಸೂದು, ಹಾಲು ಹಿಂಡೂದು, ಒಲಿ ಹಚ್ಚೂದು, ಎಲ್ಲಾ ಬರ್ತದ ನಿನಗ. ಸಣ್ಣಾಕಿ ಇದ್ದಾಗಿಂದ ರೂಢಿ ಅದ."

"ನಿಮ್ಮ ಹೆಸರು ಎಲ್ಲದ?"

ಶಿವರಾಜ ಅಭಿಲಾಷನ ಮುಖ ನೋಡಿದ. "ಅಂಕಲ್ ಪ್ಲ್ಯಾನಿಂಗ್ ನೋಡ್ಕೋತಾರೆ ಆಂಟಿ," ಎಂದು ಅಭಿಲಾಷ ಸಣ್ಣ ದನಿಯಲ್ಲಿ ಹೇಳಿದ.

ಬಾವಿಗೆ ಎಂಟು, ಮಳೆಗೆ ಒಂಬತ್ತು, ಹೆಂಡತಿಗೆ ಹತ್ತು! ಜಾಗದ ಜೊತೆಗೆ ಬರುವ ಎತ್ತಿಗೆ ಹಲ್ಲು ಎಣಿಸಿದ ಹಾಗೆ ಎಣಿಸಿದ್ದರು. ಎಣಿಸಿಕೊಂಡವಳು ಖುಷಿಪಡಬೇಕೆಂದೂ ಕಾಯುತ್ತಿದ್ದರು.

ಅಷ್ಟರಲ್ಲಿ ಆ ಊರಿನ ರಂಗೂಬಾಯಿ ಎಂಬಾಕೆ ಖಾಲಿ ಕೊಡ ಹಿಡಿದು ಬಾವಿಗೆ ಹೊರಟು ಬಂದಳು. ರಂಜನಾ ಮರಾಠಿಯಲ್ಲಿ ಮಾತಾಡಿಸಿ ಕೊಡ ಕೇಳಿದಳು. ಇಸಿದುಕೊಂಡು ಗಂಡನ ಕೈಗೆ ಕೊಟ್ಟಳು.

"ಹೋಗ್ರಿ. ತುಂಬಿಸ್ಕೊಂಡು ಬರ್ರಿ."

"ಏ, ಹುಚ್ಚಿ ಏನು? ಮಂದಿ ನೋಡ್ತಾರ."

"ಯಾವ ಮಂದಿ? ಮಂದಿ ಇಲ್ಲ ಅಂತನೇ ಒಂಬತ್ತು ಕೊಟ್ಟೀರಲ್ಲ!"

ಅವಳ ಮುಖ ನೋಡಿ ಶಿವರಾಜ ಇಳಿದು ಹೋದ. ಬಂದದ್ದು ಅರ್ಧ ತಾಸಿನ ಮೇಲೆ. ಅಂಗಿಯೆಲ್ಲ ತೊಯ್ದಿತ್ತು, ಕೊಡ ಅರ್ಧಕ್ಕಿಳಿದಿತ್ತು. ಕಲ್ಲಿನ ಮೇಲೆ ಕುಸಿದು ಕೂತು ಏದುಸಿರು ಬಿಟ್ಟ. ದಿನಕ್ಕೆ ಇಂಥವು ಎಷ್ಟು ಎಂದು ರಂಜನಾ ಕೇಳಿದಾಗ ರಂಗೂಬಾಯಿ ಎಂಟು ಬೆರಳು ತೋರಿಸಿದಳು. ದನ ಇದ್ದರೆ ಹತ್ತು. ಮಗಳನ್ನು ಮಾತ್ರ ನಲ್ಲಿಯಿರುವ ಮನೆಗೇ ಕೊಡುವುದು ಎಂದೂ ಹೇಳಿದಳು.

"ಒಮ್ಮೆ ರೂಢಿ ಆತಂದ್ರ..." ಎಂದು ಶಿವರಾಜ ಶುರುಮಾಡಿದ.

"ಯಾರಿಗೆ?" ಎಂದಳು ರಂಜನಾ.

ಶಿವರಾಜ ತೊಯ್ದ ಅಂಗಿಯ ತುದಿ ಹಿಂಡತೊಡಗಿದ. ಮಧ್ಯಾಹ್ನ ಮೂವರೂ ಪುಣೆಗೆ ವಾಪಸು ಹೊರಟರು.

ಸಂಜೆ ಮನೆ ಕೊಳ್ಳುವ ಗಂಡ ಹೆಂಡತಿ ಪೇಢೆಯ ಪೊಟ್ಟಣ ಹಿಡಿದು ಬಂದರು. ಶಿವರಾಜ ತನ್ನ ಸಹಿ ಮಾಡಿ ಪೆನ್ನನ್ನು ರಂಜನಾಳತ್ತ ಚಾಚಿದ. ಅವಳು ಮುಟ್ಟಲಿಲ್ಲ. ಮನೆ ಮಾರುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಮರಾಠಿಯಲ್ಲಿ ಕೈಮುಗಿದು ಹೇಳಿದಳು. ಚಹ ಕೊಟ್ಟು, ಪೇಢೆ ವಾಪಸು ಕೊಟ್ಟು, ಬಾಗಿಲ ತನಕ ಹೋಗಿ ಕಳಿಸಿಬಂದಳು.

ಬಾಗಿಲು ಹಾಕಿದ್ದೇ ಶಿವರಾಜ ಸಿಡಿದ. "ಮಂದಿ ಮುಂದ ನನ್ನ ಮರ್ಯಾದಿ ಕಳದಿ! ಯಾರ ಸಲುವಾಗಿ ಮಾಡಾಕತ್ತಿದ್ದೆ ಇದೆಲ್ಲಾ? ನಾಳೆ ಜಗತ್ತು ಮುಳುಗಿದ್ರ ನಾವು ಸ್ವಾವಲಂಬಿ ಆಗಿ ಬದುಕಬೇಕಂತ!"

"ಸ್ವಾವಲಂಬಿ ಅಂದ್ರ ತನ್ನ ಕಾಲ ಮ್ಯಾಲೆ ತಾ ನಿಲ್ಲಾವ್ರು. ನೀವು ಇಪ್ಪತ್ತೆರಡು ವರ್ಷದಿಂದ ನನ್ನ ಬೆನ್ನ ಮ್ಯಾಲೆ ನಿಂತೀರಿ. ಇಲ್ಲಿ ನಿಂತದ್ದು ಸಾಲಲಿಲ್ಲ, ಗುಡ್ಡದ ಮ್ಯಾಲೂ ನಿಲ್ಲಬೇಕಿತ್ತು ನಿಮಗ." ಅವಳು ಪೆನ್ನಿಗೆ ಮುಚ್ಚಳ ಹಾಕಿ ಅವನ ಮುಂದಿಟ್ಟಳು. "ಹೋಗೂದಿದ್ರ ಹೋಗ್ರಿ, ನಾ ತಡಿಯಂಗಿಲ್ಲ. ಆದ್ರ ಆ ಪಟ್ಟ್ಯಾಗಿಂದ ನನ್ನ ಹೆಸರು ಅಳಿಸಿ ಹೋಗ್ರಿ."

ಅಷ್ಟು ಹೇಳಿ ಹೊರಕೋಣೆಯ ಕುರ್ಚಿಯ ಮೇಲೆ ಕೂತಳು. ಆ ಹೊತ್ತಿನಲ್ಲಿ ಅವಳು ಕೂತದ್ದನ್ನು ಆ ಮನೆ ನೋಡಿರಲಿಲ್ಲ. ಭಾನುವಾರ ಹುಡುಗರ ಊಟವೂ ಇರಲಿಲ್ಲ. ಎಂಟು ಹೊಡೆಯಿತು. ಶಿವರಾಜ ಎರಡು ಸಲ ಗಂಟಲು ಸರಿಮಾಡಿಕೊಂಡ.

"ಊಟ?"

"ಇವತ್ತಿನ ರೊಟ್ಟಿ ನೀವೇ ಬಡೀರಿ. ಜೋಳದ ಹಿಟ್ಟು ಡಬ್ಬ್ಯಾಗದ."

ಸಿಟ್ಟಿನಿಂದಲೇ ಎದ್ದು ಅಡುಗೆಮನೆಗೆ ಹೋದ. ಪಾತ್ರೆ ಸದ್ದಾಯಿತು, ಒಂದು ಮುಚ್ಚಳ ಕೆಳಗೆ ಬಿತ್ತು, ಆಮೇಲೆ ಬಹಳ ಹೊತ್ತು ಸದ್ದೇ ಇಲ್ಲ. ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಉಂಡವನು, ಜಗತ್ತು ಮುಳುಗಿದ ಮೇಲೂ ಬದುಕಿ ತೋರಿಸುವವನು, ಕೊನೆಗೆ ಒಳಗಿನಿಂದ ಕೂಗಿದ:

"ಯಾವ ಡಬ್ಬ್ಯಾಗ?"