ಬೆಳೆಯಲೆಂದು ಬಿಟ್ಟ ಬಟ್ಟೆ

ಆ ದರ್ಜಿ ಹೊಲಿದ ಮಕ್ಕಳ ಬಟ್ಟೆ ಎರಡು ವರ್ಷಕ್ಕೆ ಮೋಸವಿಲ್ಲ ಎಂದು ಬೀದಿಯಲ್ಲೆಲ್ಲ ಮಾತಿತ್ತು. ಅಳತೆ ತೆಗೆದಾದ ಮೇಲೆ ಅವನು ಟೇಪನ್ನು ಇನ್ನೂ ನಾಲ್ಕು ಬೆರಳು ಕೆಳಗೆ ಜಾರಿಸಿ, "ಬೆಳೆಯೋ ಮಗು, ತಾಯಿ. ಬೆಳೆಸೋನು ಮೇಲಿದ್ದಾನೆ, ಜಾಗ ಬಿಡೋ ಕೆಲಸ ನಮ್ದು" ಎನ್ನುತ್ತಿದ್ದ. ಕೇಳಿದವರು ನಕ್ಕರೂ ಅವನು ನಗುತ್ತಿರಲಿಲ್ಲ. ಅವನ ಪಾಲಿಗೆ ಅದೊಂದು ಪ್ರಾರ್ಥನೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ತನ್ನ ಮಗಳಿಗಂತೂ ನಾಲ್ಕಲ್ಲ, ಎಂಟು ಬೆರಳು ಬಿಟ್ಟಿದ್ದ. ಎತ್ತಿಕೊಂಡರೆ ಫ್ರಾಕಿನ ಅಂಚು ಪಾದ ದಾಟಿ ಗಾಳಿಯಲ್ಲಿ ತೂಗಾಡುತ್ತಿತ್ತು. ಮನೆಯವರೆಲ್ಲ ಆ ಮಗುವನ್ನು ಬಟನ್ನು ಎಂದೇ ಕರೆಯುತ್ತಿದ್ದರು.

ಬಟನ್ನಿಗೆ ಹನ್ನೊಂದು ತಿಂಗಳು ತುಂಬಿತು. ಅಂಬೆಗಾಲಿಡಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗುಂಡುಸೂಜಿ ಚೆಲ್ಲಿದ ನೆಲವೆಂದು ಅವಳನ್ನು ತೊಟ್ಟಿಲಿನಿಂದ ಕೆಳಗಿಳಿಸಿದವರೇ ಇಲ್ಲ. ಅದನ್ನು ಕೇಳಿ ಆಸ್ಪತ್ರೆಯ ನರ್ಸಮ್ಮ ಬೈದರು. "ಮೊದಲು ಮಗೂನ ನೆಲಕ್ಕೆ ಬಿಡಿ. ಎರಡು ವಾರ ನೋಡೋಣ. ಆಗಲೂ ಇಲ್ಲ ಅಂದ್ರೆ ಕಾಲಿನ ಪರೀಕ್ಷೆ ಮಾಡಿಸ್ಬೇಕು" ಎಂದವರು, ಚೀಟಿ ಬರೆಯುತ್ತ, ತಲೆಯೆತ್ತದೆ ಕೇಳಿದರು: "ಮನೇಲಿ ಯಾರಿಗಾದ್ರೂ ಕಾಲಿನ ತೊಂದರೆ ಇದೆಯಾ?"

"ಯಾರಿಗೂ ಇಲ್ಲ" ಎಂದುಬಿಟ್ಟ ದರ್ಜಿ.

ಹೆಂಡತಿ ಅವನ ಮುಖ ನೋಡಿದಳು.

ಏಕೆಂದರೆ ಮನೆಯಲ್ಲಿ ಅಕ್ಕ ಇದ್ದಳು. ದರ್ಜಿಗಿಂತ ಎಂಟು ವರ್ಷ ದೊಡ್ಡವಳು, ತಾಯಿ ಹೋದ ಮೇಲೆ ಅವನನ್ನು ಸಾಕಿದವಳು, ಈಗ ಅಂಗಡಿಯ ಬಟ್ಟೆಗೆಲ್ಲ ಗುಂಡಿ ತೂರಿಸುವ ಕಾಜಾ ಹಾಕುವವಳು. ಸೊಂಟದ ಕೆಳಗೆ ಅವಳಿಗೆ ಬಲವಿಲ್ಲ. ಕೈ ಊರಿ, ನೆಲದ ಮೇಲೆ ತೆವಳಿಯೇ ಮನೆಯೆಲ್ಲ ಸುತ್ತುವಳು. ಅದು ಹುಟ್ಟಿನಿಂದ ಬಂದದ್ದೋ, ಎಳವೆಯ ಜ್ವರದಿಂದಲೋ ಹೇಳಬಲ್ಲವರು ಯಾರೂ ಉಳಿದಿಲ್ಲ. ಆ ಗೊತ್ತಿಲ್ಲದ ಜಾಗದಲ್ಲೇ ದರ್ಜಿಯ ಹೆದರಿಕೆ ಗೂಡು ಕಟ್ಟಿತು.

ಅಂದಿನಿಂದ ಅವನು ದಿನಾ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಹಾಕಿ, ಅಯಸ್ಕಾಂತದ ತುಂಡನ್ನು ನೆಲದ ಮೇಲೆಲ್ಲ ಎಳೆದು, ಮೀಸೆ ಬಂದಂತೆ ಅದಕ್ಕಂಟಿದ ಸೂಜಿಗಳನ್ನು ಬಿಡಿಸಿಟ್ಟು, ಜಮಖಾನ ಹಾಸಿ ಮಗಳನ್ನು ಬೋರಲು ಮಲಗಿಸತೊಡಗಿದ. ತಾನೂ ಎದುರಿಗೆ ಬೋರಲು ಮಲಗಿ, ಅಂಗಿಯ ಗುಂಡಿಗಳ ಡಬ್ಬಿ ಅಲ್ಲಾಡಿಸುವನು. "ಬಾ ನನ್ನ ರಾಣಿ, ಬಾ ಬಾ."

ಮಗು ಕೇಕೆ ಹಾಕುವುದು. ಅಂಗೈ ಊರಿ ಎದೆ ಎತ್ತುವುದು. ಒಂದು ಮಂಡಿ ಮುಂದಕ್ಕೆ ತರುವುದು. ಅಷ್ಟೇ, ಯಾರೋ ಕೆಳಗಿನಿಂದ ಹಿಡಿದೆಳೆದ ಹಾಗೆ ಮೂಗು ಮುಂದಾಗಿ ಬೀಳುವುದು. ಹನ್ನೆರಡು ದಿನ ಹೀಗೇ. ಅದರ ಮಾರನೆಯ ದಿನ ತುಟಿ ಒಡೆದು ರಕ್ತ ಬಂತು. ಡಬ್ಬಿಯ ಸದ್ದು ಕೇಳಿದರೇ ಮಗು ಅಳತೊಡಗಿತು.

"ಸಾಕು ಮಾಡ್ರೀ" ಎಂದು ಹೆಂಡತಿ ಬಂದು ಎತ್ತಿಕೊಂಡಳು. "ಒಂದು ವೇಳೆ ನಡೆಯೋಕೆ ಆಗ್ಲೇ ಇಲ್ಲ ಅಂದ್ರೆ ಏನಾಯ್ತು? ಅಕ್ಕ ಬಾಳ್ತಿಲ್ವಾ?"

"ಬಾಯಿ ಮುಚ್ಚು!"

ಮೂಲೆಯಲ್ಲಿ ಕೋಟಿಗೆ ಕಾಜಾ ಹಾಕುತ್ತಿದ್ದ ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. ನರ್ಸಮ್ಮ ಹೇಳಿದ ಎರಡು ವಾರ ಮುಗಿಯುವ ಗುರುವಾರಕ್ಕೆ ಇನ್ನು ಎರಡೇ ದಿನ.

ಮರುದಿನ ಅವನು ಜಮಖಾನ ಹಾಸಲಿಲ್ಲ. ಮಷೀನಿನ ಚಕ್ರದ ಮೇಲೆ ಕೈಯಿಟ್ಟು ಸುಮ್ಮನೆ ಕೂತ. 'ದೇವರೇ, ಇವಳನ್ನ ಅಕ್ಕನ ಹಾಗೆ ಮಾಡಬೇಡಪ್ಪ' ಎಂದಿತು ಮನಸ್ಸು. ಅನ್ನ ಕಲಸಿ ತುತ್ತಿಟ್ಟ ಕೈಯನ್ನೇ ತಳ್ಳಿದಂತಾಯಿತಲ್ಲ ಎಂದು ಅವನಿಗೆ ಮೈಯೆಲ್ಲ ನಾಚಿಕೆ.

"ಲೋ ತಮ್ಮಾ, ಮಗೂನ ಇಲ್ಲಿ ಬಿಡು" ಎಂದಳು ಅಕ್ಕ.

"ಬೇಡಕ್ಕ. ತುಟಿ ಗಾಯ ಇನ್ನೂ ವಾಸಿಯಾಗಿಲ್ಲ."

"ಬಿಡು ಅಂದೆ. ನೆಲದ ವಿಷಯ ನಿಂಗಿಂತ ನಂಗೆ ಚೆನ್ನಾಗಿ ಗೊತ್ತು. ನೀನು ಅದರ ಮುಖಾನೇ ನೋಡ್ತಾ ಮಲಗ್ತೀಯ. ನಾನು ನಿನ್ನೆ ಹಿಂದಿನಿಂದ ನೋಡ್ದೆ. ಅಲ್ಲೀವರೆಗೂ ನೋಡೋಕೆ ನಂಗೂ ಧೈರ್ಯ ಇರ್ಲಿಲ್ಲ ಬಿಡು."

ಅವಳೇ ಅವನ ಕೊರಳಿನ ಟೇಪು ಎಳೆದುಕೊಂಡಳು. ಮಗುವಿನ ಫ್ರಾಕನ್ನು ಸೊಂಟದವರೆಗೆ ಸುರುಳಿ ಸುತ್ತಿ, ಟೇಪಿನಿಂದ ಎರಡು ಸುತ್ತು ಬಿಗಿದು, ಬೋರಲು ಬಿಟ್ಟಳು. ಡಬ್ಬಿ ತೋರಿಸಲಿಲ್ಲ. ದಾರದ ಖಾಲಿ ರೀಲೊಂದನ್ನು ಉರುಳಿಸಿದಳು.

ಮಗು ರೀಲನ್ನು ನೋಡಿತು. ಅಂಗೈ ಊರಿತು. ಮಂಡಿ ಬಂತು. ಯಾರೂ ಎಳೆಯಲಿಲ್ಲ. ಇನ್ನೊಂದು ಮಂಡಿ ಬಂತು. ತಾಯಿ ಒದ್ದೆ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಗು ನಾಲ್ಕು ಹೆಜ್ಜೆಯಷ್ಟು ಹೋಗಿ, ರೀಲು ಸಿಕ್ಕಿದ್ದೇ ಅದನ್ನು ಬಾಯಿಗಿಟ್ಟುಕೊಂಡಿತು.

"ಕಾಲಿಗೇನೂ ಆಗಿಲ್ಲ ಕಣೋ. ತನ್ನ ಬಟ್ಟೆ ಮೇಲೆ ತಾನೇ ಮಂಡಿ ಊರ್ತಾಳೆ. ಮುಂದೆ ಹೋಗೋಣ ಅಂದ್ರೆ ಅದು ಕುತ್ತಿಗೆ ಹಿಡಿದು ಎಳೆಯುತ್ತೆ."

ದರ್ಜಿಗೆ ಸಂತೋಷಕ್ಕಿಂತ ಮೊದಲು ಕಣ್ಣಲ್ಲಿ ನೀರು ಬಂತು. "ನಿಂಗೆ ಹೆಂಗೆ ಹೊಳೀತಕ್ಕ?"

ಅಕ್ಕ ತನ್ನ ಲಂಗದ ಅಂಚನ್ನು ತಟ್ಟಿದಳು. "ಇಪ್ಪತ್ತೈದು ವರ್ಷದಿಂದ ನಂಗೂ ಹಿಂಗೇ ಹೊಲಿದು ಕೊಡ್ತಿದ್ದೀಯಲ್ಲ. ಮಗು ಬೆಳೆಯುತ್ತೆ, ಸರಿ. ನಂದೇನು ಬೆಳೆಯೋ ಕಾಲಾ?"

ನಕ್ಕಳು. ಅವನಿಗೆ ನಗಲಾಗಲಿಲ್ಲ. ಅವಳ ಕಾಲು ನಾಲ್ಕು ಜನರ ಕಣ್ಣಿಗೆ ಬೀಳದಿರಲಿ ಎಂದು ಅವನು ಬಿಟ್ಟ ಉದ್ದ ಅದು. ಮರ್ಯಾದೆ ಕಾಪಾಡಿದೆ ಎಂದುಕೊಂಡಿದ್ದ. ಪ್ರತಿ ಸಲ ತೆವಳುವ ಮುಂಚೆ ಅವಳು ಒಂದು ಕೈಯಲ್ಲಿ ಲಂಗವನ್ನು ಒಟ್ಟು ಮಾಡಿ ಹಿಡಿಯುವುದನ್ನು ದಿನಾ ಕಂಡಿದ್ದ, ನೋಡಿರಲಿಲ್ಲ. ಅಂಚು ನೆಲಕ್ಕೆ ತಿಕ್ಕಿ ತಿಕ್ಕಿ ಎಳೆ ಬಿಟ್ಟಿತ್ತು.

"ನರ್ಸಮ್ಮ ಮನೆಯವರ ಕಾಲಿನ ಬಗ್ಗೆ ಕೇಳಿರ್ಬೇಕಲ್ಲ?" ಎಂದಳು ಅಕ್ಕ.

ಅವನು ತಲೆ ತಗ್ಗಿಸಿದ.

"ಹೆಂಡ್ತಿ ಮೇಲೆ ರೇಗಬೇಡ, ಅವಳೇನೂ ಹೇಳ್ಲಿಲ್ಲ. ಆವತ್ತು ಬಂದೋನು ನನ್ನ ಮುಖ ನೋಡ್ಲಿಲ್ಲ, ಅಷ್ಟು ಸಾಕಾಯ್ತು ನಂಗೆ."

ಅವನು ತಲೆಯೆತ್ತಿ ಹೇಳಿದ: "ನಾಳೆ ನೀನೂ ಬಾ ಅಕ್ಕ. ಗಾಡಿ ಗೊತ್ತು ಮಾಡ್ತೀನಿ. ನಾನೇ ಹೇಳ್ತೀನಿ ಅವರಿಗೆ."

"ಮೊದಲು ಇದನ್ನ ಗಿಡ್ಡ ಮಾಡು. ಆಮೇಲೆ ನೋಡೋಣ."

ದರ್ಜಿ ಕತ್ತರಿ ತಂದು ಅವಳ ಪಾದದ ಬಳಿ ಕೂತು ಲಂಗದ ಅಂಚು ಮಡಚಿದ. ಎಷ್ಟೋ ವರ್ಷದ ಮೇಲೆ ಕಂಡ ಆ ತೆಳುವಾದ ಕಾಲಿನ ಹರಡುಗಳಲ್ಲಿ ನೆಲ ಉಜ್ಜಿದ ಹಳೆಯ ಗಾಯದ ಕಲೆಗಳಿದ್ದವು. ಅಳತೆಗೆಂದು ಕೊರಳಿಗೆ ಕೈಹಾಕಿದರೆ ಟೇಪಿಲ್ಲ. ಅದು ಮಷೀನಿನ ಕೆಳಗೆ, ಬಟನ್ನಿನ ಸೊಂಟದಲ್ಲಿ. ಬೆರಳಿನಿಂದಲೇ ಅಳೆಯತೊಡಗಿದ. ಒಂದು, ಎರಡು, ಮೂರು. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದ.